ಎಡಗೈಯ ನೋವು, ಬಲಗೈಯ ಕಾಗದ

ನನ್ನ ತಂಗಿ ಸರುಬಾಯಿಯ ಗಂಡ ಬಸವಣ್ಣೆಪ್ಪನಿಗೆ ಎಲ್ಲದರಲ್ಲೂ ಮೊದಲಿಗನಾಗಬೇಕೆಂಬ ಚಟ. ಔರಾದ ಶಹಾಜನಿಯ ಸಂತೆಗೆ ಹೊರಡುವ ಗಾಡಿಗಳಲ್ಲಿ ಅವನದೇ ಮುಂದೆ. ಮಠದ ಪಂಕ್ತಿಯಲ್ಲಿ ಅವನ ಎಲೆಯೇ ಮೊದಲು. ಯಾರಾದರೂ ತೀರಿಕೊಂಡರೆ ಮನೆಯವರನ್ನು ಮಾತಾಡಿಸಲು ಹೋಗುವುದರಲ್ಲೂ ಅವನೇ ಮೊದಲು; ಒಮ್ಮೆ ಮುದುಕನೊಬ್ಬ ಪ್ರಾಣ ಬಿಡುವ ಮುಂಚೆಯೇ ಹೋಗಿ ಕೂತು, ಆ ಮುದುಕನಿಂದಲೇ ಬೈಸಿಕೊಂಡು ಬಂದಿದ್ದ. ಇಂಥವನು ೧೯೫೬ರ ಬೇಸಿಗೆಯಲ್ಲಿ ನಮ್ಮ ಬೇವಿನವಾಡಿಗೆ ಕಾಲರಾ ಸೂಜಿ ಬಂದಾಗ ಹಿಂದೆ ನಿಲ್ಲುವುದುಂಟೆ?

ಆದರೆ ಸೂಜಿಯ ಕಥೆಗೆ ಮುಂಚೆ ಆಣೆಯ ಕಥೆ ಹೇಳಬೇಕು. ಇಲ್ಲದಿದ್ದರೆ ಊರವರು ಆಮೇಲೆ ಯಾಕೆ ಹಾಗೆ ನಡೆದುಕೊಂಡರೆಂದು ನಿಮಗೆ ತಿಳಿಯುವುದಿಲ್ಲ.

ಬಸವಣ್ಣೆಪ್ಪನ ಹೊಲಕ್ಕೂ ಮಾಣಿಕಪ್ಪನ ಹೊಲಕ್ಕೂ ನಡುವೆ ಒಂದು ಗಡಿಕಲ್ಲು. ಅದು ತನ್ನ ಅಪ್ಪನ ಕಾಲದಿಂದ ಇದ್ದಲ್ಲೇ ಇದೆ ಎಂದು ಬಸವಣ್ಣೆಪ್ಪ. ಎರಡು ಮೊಳ ತನ್ನ ಕಡೆಗೆ ಸರಿದು ಬಂದಿದೆ ಎಂದು ಮಾಣಿಕಪ್ಪ. ಆ ಎರಡು ಮೊಳದಲ್ಲಿ ಬೆಳೆಯುತ್ತಿದ್ದದ್ದು ಕರಿಕೆ ಹುಲ್ಲು ಮತ್ತು ಒಂದು ಬೋರೆ ಕಂಟಿ. ಬೋರೆ ಹಣ್ಣನ್ನು ತಿನ್ನುತ್ತಿದ್ದದ್ದು ಹಕ್ಕಿಗಳು, ಹುಲ್ಲನ್ನು ತಿನ್ನುತ್ತಿದ್ದದ್ದು ಊರ ಕುರಿಗಾಹಿ ಖಂಡೆಪ್ಪನ ಕುರಿಗಳು. ಆದರೂ ಜಗಳ ಜಗಳವೇ. ಕೊನೆಗೆ ಮಠದಲ್ಲಿ ಪಂಚರ ಎದುರು ಇಬ್ಬರೂ ಆಣೆ ಮಾಡುವುದೆಂದಾಯಿತು. ನಮ್ಮಲ್ಲಿ ಆಣೆಯೆಂದರೆ ಕೊರಳಲ್ಲಿ ಧರಿಸಿದ ಲಿಂಗವನ್ನು ತೆಗೆದು, ಪೂಜೆಗೆ ಕೂತಾಗ ಇಟ್ಟುಕೊಳ್ಳುವಂತೆಯೇ ಎಡ ಅಂಗೈ ಮೇಲೆ ಇಟ್ಟುಕೊಂಡು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಆಡುವ ಮಾತು. ಇಬ್ಬರೂ ಎತ್ತಿದರು, ಇಬ್ಬರೂ ಆಡಿದರು. ಸ್ವಾಮಿಗಳು ಇಬ್ಬರನ್ನೂ ನೋಡಿ, ಇನ್ನು ಶಿವನೇ ನೋಡಿಕೊಳ್ಳುತ್ತಾನೆ ಎಂದು ಹೇಳಿ ಉದಗೀರಿಗೆ ಹೊರಟುಹೋದರು.

ಅಂದಿನಿಂದ ಊರು ಕಾಯತೊಡಗಿತು. ಇಬ್ಬರಲ್ಲಿ ಒಬ್ಬನ ಆಣೆ ಸುಳ್ಳು ಎಂಬುದು ನಿಶ್ಚಯ. ಯಾರದೆಂದು ತಿಳಿಯಲು ಏನಾದರೊಂದು ಆಗಬೇಕು. ನಮ್ಮ ಓಣಿಯ ರಂಭಾಬಾಯಿ ಈ ಕೆಲಸವನ್ನು ವಹಿಸಿಕೊಂಡಳು. ದಿನಾ ಬೆಳಗ್ಗೆ ಎರಡೂ ಮನೆಯ ಮುಂದೆ ಹಾದು, ಯಾರ ಎಮ್ಮೆ ಹಾಲು ಕಡಿಮೆ ಕೊಟ್ಟಿದೆ, ಯಾರ ಮಾಳಿಗೆ ಬಿರಿದಿದೆ ಎಂದು ವಿಚಾರಿಸುವಳು. ಒಂದು ದಿನ ಮಾಣಿಕಪ್ಪ ಎರಡು ಸಲ ಸೀನಿದ್ದಕ್ಕೆ ಊರೆಲ್ಲ ಅರ್ಧ ದಿನ ಉಸಿರು ಬಿಗಿಹಿಡಿದಿತ್ತು.

ಹತ್ತು ದಿನಕ್ಕೆ ಸೂಜಿ ಬಂತು. ಡಾಕ್ಟರು ಚಾವಡಿಯ ಎತ್ತರದ ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತರು. ಸೂಜಿ ಹಾಕಿಸಿಕೊಳ್ಳುವವರು ಕೆಳಗೆ ನೆಲದ ಮೇಲೆ ನಿಂತು ಎಡ ತೋಳು ಒಡ್ಡಬೇಕು. ಜನ ಹಿಂದೆಮುಂದೆ ನೋಡುತ್ತಿದ್ದಾಗ ಬಸವಣ್ಣೆಪ್ಪ ಅಂಗಿಯ ತೋಳು ಮೇಲೇರಿಸಿಕೊಂಡು ಮುಂದೆ ನುಗ್ಗಿದ. ಅವನನ್ನು ಒಬ್ಬನೇ ಶೂರನಾಗಲು ಬಿಡಬಾರದೆಂದು ಮಾಣಿಕಪ್ಪ ಅವನ ಬೆನ್ನಿಗೇ ನಿಂತ. ಮೇಲಿನಿಂದ ಬಗ್ಗಿದ ಡಾಕ್ಟರ ಕೈಗೆ ಸಿಕ್ಕಿದ್ದು ರಟ್ಟೆಯ ದಪ್ಪ ಮಾಂಸವಲ್ಲ, ಭುಜದ ತುದಿಯ ಕೀಲು. ಇಬ್ಬರಿಗೂ ಅಲ್ಲೇ ಚುಚ್ಚಿದರು. ಮೂರನೆಯವನು ಕುರಿ ಕಾಯುವ ಖಂಡೆಪ್ಪ. ಅವನು ತೋಳು ಒಡ್ಡಲಿಲ್ಲ.

"ನಾವು ಕುರಿಗೆ ಔಷಧ ಹಾಕೂದಾದ್ರೂ ಅದರ ಮಗ್ಗಲಕ ಕುಂತು ಹಾಕ್ತೀವ್ರಿ ಸಾಹೇಬ್ರ," ಎಂದ. "ನೀವು ಕೆಳಗ ಬರ್ರಿ."

ಡಾಕ್ಟರು ನಾಚಿಕೊಂಡು ಕೆಳಗಿಳಿದರು. ಮುಂದಿನ ನೂರಿಪ್ಪತ್ತು ಜನರಿಗೆ ಸೂಜಿ ಸರಿಯಾದ ಜಾಗದಲ್ಲಿ ಬಿತ್ತು. ಎಲ್ಲರಿಗಿಂತ ಮೊದಲಾಗುವುದರ ಲಾಭ ನಮ್ಮ ಬಸವಣ್ಣೆಪ್ಪನಿಗೆ ಸಿಕ್ಕಿತು.

ಮೂರು ದಿನ ಎಲ್ಲರ ತೋಳೂ ನೋಯಿತು. ನಾಲ್ಕನೆಯ ದಿನ ಎಲ್ಲರ ನೋವೂ ಹೋಯಿತು, ಬಸವಣ್ಣೆಪ್ಪನದು ಹೋಗಲಿಲ್ಲ. ವಾರಕ್ಕೆ ಅವನ ಎಡಗೈ ಹೊಟ್ಟೆಯಿಂದ ಮೇಲೆ ಏಳದಾಯಿತು. ಬಲಗೈಯಿಂದ ನೇಗಿಲು ಹಿಡಿಯುತ್ತಿದ್ದ, ಉಣ್ಣುತ್ತಿದ್ದ, ಉದ್ದ ಬಾಲದ ತನ್ನ ಸಹಿಯನ್ನು ಸಿಕ್ಕಸಿಕ್ಕ ಕಾಗದದ ಮೇಲೆ ಮಾಡುತ್ತಿದ್ದ. ಆದರೆ ಬೆಳಗ್ಗೆ ಸ್ನಾನ ಮಾಡಿ ಲಿಂಗಪೂಜೆಗೆ ಕೂತರೆ ಎಡ ಅಂಗೈ ಕಣ್ಣಿನ ಮಟ್ಟಕ್ಕೆ ಬರುತ್ತಿರಲಿಲ್ಲ. ಪೂಜೆಯಾಗದೆ ನಮ್ಮಲ್ಲಿ ಬಾಯಿಗೆ ತುತ್ತಿಲ್ಲ. ಮೊದಲ ದಿನ ಮಧ್ಯಾಹ್ನದವರೆಗೆ ಉಪವಾಸ ಕೂತ. ಆಮೇಲೆ ಸರುಬಾಯಿ ಬಂದು ಅವನ ಎಡ ಮಗ್ಗುಲಿಗೆ ಕೂತು, ತನ್ನ ಬಲಗೈಯನ್ನು ಅವನ ಮೊಣಕೈ ಕೆಳಗೆ ಕೊಟ್ಟು ಎತ್ತಿ ಹಿಡಿದಳು. ಅಂದಿನಿಂದ ದಿನಾ ಬೆಳಗ್ಗೆ ಅರ್ಧ ತಾಸು ಹಾಗೆಯೇ. ಇವನು ಮಂತ್ರವನ್ನು ಅವಸರದಲ್ಲಿ ಹೇಳುವವನಲ್ಲ.

ಊರಿಗೆ ಸುದ್ದಿ ಮುಟ್ಟಿಸಿದವಳು ಯಾರೆಂದು ಬೇರೆ ಹೇಳಬೇಕಾಗಿಲ್ಲ. ಲಿಂಗ ಹಿಡಿದು ಆಣೆ ಮಾಡಿದ ಕೈಯೇ ಬಿದ್ದುಹೋಯಿತು; ಇನ್ನೇನು ಬೇಕು? ಎರಡು ಮೂರು ವಾರ ಕಾದದ್ದಕ್ಕೆ ಊರಿಗೆ ಸಮಾಧಾನವಾಯಿತು. ಸೂಜಿಯಿಂದ ಆದದ್ದು ಎಂದು ಬಸವಣ್ಣೆಪ್ಪ ಹೇಳಿದರೆ ಕೇಳುವವರಿಲ್ಲ. ಸೂಜಿ ನೂರಿಪ್ಪತ್ತೆರಡು ಜನರಿಗೆ ಬಿದ್ದಿದೆ, ಕೈ ಬಿದ್ದದ್ದು ಒಬ್ಬನದು ಎಂದು ಅವರ ಲೆಕ್ಕ. ಮಠದ ಪಂಕ್ತಿಯಲ್ಲಿ ಅವನ ಎಲೆ ಮೊದಲಿನಿಂದ ಕೊನೆಗೆ ಬಂತು. ಆಮೇಲೆ ಅವನೇ ಹೋಗುವುದನ್ನು ಬಿಟ್ಟ. ನನ್ನ ತಂಗಿ ನೀರಿಗೆ ಹೋದರೆ ಬಾವಿಯ ಕಟ್ಟೆಯ ಮೇಲಿನ ಮಾತು ನಿಲ್ಲುತ್ತಿತ್ತು. ಅದು ನನಗೆ ನಿಜವಾಗಿ ನೋವಾದ ಸಂಗತಿ.

ಗೆದ್ದ ಮಾಣಿಕಪ್ಪ ಮಾತ್ರ ಒಂದು ಮಾತೂ ಆಡಲಿಲ್ಲ. ಚಾವಡಿಯ ಕಟ್ಟೆಯ ಮೇಲೆ ಯಾರಾದರೂ ಬಸವಣ್ಣೆಪ್ಪನ ಕೈ ಸುದ್ದಿ ಎತ್ತಿದರೆ ಎದ್ದು ಹೋಗುತ್ತಿದ್ದ. ಅವನಲ್ಲಿ ಬೇರೆ ಬದಲಾವಣೆಗಳೂ ಕಂಡವು. ಬಿಸಿಲಿರಲಿ ಮಳೆಯಿರಲಿ ಎಡ ಹೆಗಲ ಮೇಲೆ ಕಂಬಳಿ. ಇಪ್ಪತ್ತು ವರ್ಷದಿಂದ ಸುತ್ತುತ್ತಿದ್ದ ಹನ್ನೆರಡು ಮೊಳದ ರುಮಾಲು ಬಿಟ್ಟು ಬಿಳಿ ಟೊಪ್ಪಿಗೆ ಹಾಕತೊಡಗಿದ. ಮುಂಜಾನೆ ಅವನ ಹೆಂಡತಿ ಪ್ರಯಾಗಬಾಯಿ ತಲೆಬಾಗಿಲನ್ನು ಮುಚ್ಚಿ ಅಗಳಿ ಹಾಕುತ್ತಿದ್ದಳು. ರಂಭಾಬಾಯಿ ಇದೆಲ್ಲವನ್ನೂ ಕೂಡಿಸಿ, ಮಾಣಿಕಪ್ಪ ಚುನಾವಣೆಗೆ ನಿಲ್ಲುತ್ತಾನೆ ಎಂದು ತೀರ್ಮಾನಿಸಿದಳು. ನಾವೂ ಒಪ್ಪಿದೆವು. ಟೊಪ್ಪಿಗೆ, ಮೌನ, ಮುಚ್ಚಿದ ಬಾಗಿಲು, ಮತ್ತೇನು ಬೇಕು?

ಬಸವಣ್ಣೆಪ್ಪನಿಗೆ ಈಗ ಬೇಕಾದದ್ದು ಒಂದೇ: ಕೈ ಕೆಟ್ಟದ್ದು ಸೂಜಿಯಿಂದ, ಆಣೆಯಿಂದಲ್ಲ ಎಂದು ಮೊಹರು ಬಿದ್ದ ಒಂದು ಸರಕಾರಿ ಕಾಗದ. ನನ್ನ ಸಲಹೆ ಕೇಳಿದ. ನಾನು ನಿಜಾಮನ ಕಾಲದಲ್ಲಿ ಉರ್ದುವಿನಲ್ಲಿ ನಾಲ್ಕು ಕ್ಲಾಸು, ಪೊಲೀಸ್ ಆಕ್ಷನ್ ಆಗಿ ನಿಜಾಮ ಹೋದ ಮೇಲೆ ರಾತ್ರಿ ಶಾಲೆಯ ಮರಾಠಿಯಲ್ಲಿ ಮೂರು ಕ್ಲಾಸು ಕಲಿತವನು, ಕನ್ನಡ ಮನೆಯದು. ಹೀಗಾಗಿ ಮೂರರಲ್ಲೂ ತಪ್ಪು ಮಾಡಬಲ್ಲೆ. ನಾನು ಹೇಳಿದೆ: ಬರೀ ಕಾಗದ ಕೊಡಿ ಎಂದರೆ ಸರಕಾರ ತಿರುಗಿ ನೋಡುವುದಿಲ್ಲ. ದುಡ್ಡು ಕೊಡಿ ಎನ್ನಬೇಕು. ದುಡ್ಡು ಕೇಳಿದರೆ ಗಾಬರಿಯಾಗಿ ವಿಚಾರಣೆ ಮಾಡುತ್ತಾರೆ, ವಿಚಾರಣೆ ಮಾಡಿದರೆ ಏನಾದರೊಂದು ಬರೆಯಲೇಬೇಕು. ದುಡ್ಡು ಕೊಡದಿದ್ದರೂ ಕಾಗದವಂತೂ ಸಿಗುತ್ತದೆ. ಈ ಉಪಾಯ ನನ್ನದೆಂದು ಆಗ ಊರೆಲ್ಲ ಹೇಳಿಕೊಂಡು ತಿರುಗಿದೆ. ಈಗ ಹೇಳಿಕೊಳ್ಳುವುದಿಲ್ಲ.

ತಾಲೂಕಿನ ಕಚೇರಿಯಲ್ಲಿ ನಮ್ಮ ಪಾಲಿಗೆ ಸಿಕ್ಕ ಗುಮಾಸ್ತರು ಗುಂಡೋಪಂತರು. ಗೋದಾವರಿ ತೀರದವರು, ಸ್ನಾನಸಂಧ್ಯೆಯ ಮನುಷ್ಯ, ನಮ್ಮ ಕಡೆಗೆ ವರ್ಗವಾಗಿ ಬಂದು ಎರಡು ತಿಂಗಳಾಗಿತ್ತಷ್ಟೇ. ಅವರು ಮರಾಠಿಯಲ್ಲಿ ಕೇಳುವರು, ನಾನು ಕನ್ನಡದಲ್ಲಿ ಬಸವಣ್ಣೆಪ್ಪನಿಗೆ ಹೇಳುವೆ, ಅವನ ಮಾತನ್ನು ಮರಾಠಿಯಲ್ಲಿ ಅವರಿಗೆ ಹೇಳುವೆ. ಯಾವ ಕೈ? ಎಡಗೈ. ಆ ಕೈ ಕೆಟ್ಟು ಏನು ನಷ್ಟವಾಯಿತು? ನೇಗಿಲು ಹಿಡಿಯುತ್ತೀಯಾ? ಹಿಡಿಯುತ್ತೇನೆ. ಊಟ ಮಾಡುತ್ತೀಯಾ? ಮಾಡುತ್ತೇನೆ. ಹಾಗಾದರೆ ನಷ್ಟವೇನು?

"ಪೂಜಾ ಆಗವಲ್ದುರೀ," ಎಂದ ಬಸವಣ್ಣೆಪ್ಪ. "ದೇವರನ್ನ ಹಿಡೀಲಿಕ್ಕೆ ಕೈ ಏಳವಲ್ದು."

ನಾನು ಮರಾಠಿ ಮಾಡಿದೆ. ಗುಂಡೋಪಂತರ ಲೇಖನಿ ನಿಂತಿತು. ಯಾವ ಕೈ ಎಂದು ಮತ್ತೆ ಕೇಳಿದರು. ಎಡಗೈ ಎಂದೆವು. ಅವರು ನಮ್ಮಿಬ್ಬರನ್ನೂ ಬಹಳ ಕರುಣೆಯಿಂದ ನೋಡಿ, ಹೆದರಬೇಡಿ, ಕಚೇರಿಗೆ ಬಂದವರಿಗೆಲ್ಲ ಹೀಗೆ ಗೊಂದಲವಾಗುತ್ತದೆ ಎಂದು ಸಮಾಧಾನ ಹೇಳಿ ಸರಸರನೆ ಬರೆದರು. ಬರೆದದ್ದು ಮೋಡಿ ಅಕ್ಷರದಲ್ಲಿ. ಹಳೆಯ ಗುಮಾಸ್ತರು ಕೂಡಿಸಿ ಬರೆಯುವ ಆ ಮರಾಠಿ ಲಿಪಿ ನನಗೆ ಬರುವುದಿಲ್ಲ. ಬರುತ್ತದೆ ಎಂಬಂತೆ ತಲೆ ಆಡಿಸಿದೆ. ನಷ್ಟಕ್ಕೆ ಐವತ್ತೊಂದು ರೂಪಾಯಿ ಬೇಡಿ, ಬಸವಣ್ಣೆಪ್ಪ ಐದು ಕಡೆ ಬಾಲದ ಸಹಿ ಹಾಕಿದ. ಇಂಥ ಸಹಿ ಈ ಕಚೇರಿಯಲ್ಲೇ ನೋಡಿಲ್ಲವೆಂದು ಗುಂಡೋಪಂತರು ಮೆಚ್ಚಿದರು.

ಅರ್ಜಿ ಜಿಲ್ಲೆಯ ಊರು ಬೀದರಿಗೆ ಹೋಯಿತು. ನಾವು ಕಾದೆವು. ಕಾಯುತ್ತಿದ್ದ ಹಾಗೆಯೇ ನವೆಂಬರ್ ಒಂದನೆಯ ತಾರೀಖು ಬಂತು. ಹೈದರಾಬಾದ್ ರಾಜ್ಯ ಇಲ್ಲವಾಯಿತು. ನಮ್ಮ ತಾಲೂಕು ಮುಂಬಯಿ ರಾಜ್ಯಕ್ಕೆ, ಬೀದರ ಮೈಸೂರು ರಾಜ್ಯಕ್ಕೆ. ಬಸವಣ್ಣೆಪ್ಪ ಅಂಗಳದಲ್ಲಿ ಕೂತು ಎಡಗೈಯನ್ನು ಬಲಗೈಯಿಂದ ತೊಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಯೋಚಿಸಿದ.

"ಸೂಜಿ ಹೈದರಾಬಾದಿಂದು, ರಟ್ಟಿ ಮುಂಬಯಿದು, ಕಾಗದ ಮೈಸೂರಿಂದು," ಎಂದ. "ನಾ ಯಾರ ಮನಿ ಬಾಗಲಕ ಹೋಗಲಿ?"

ನಷ್ಟ ತುಂಬಿ ಕೊಡುವುದಕ್ಕೆ ನಿಜಾಮನ ಕಾಲದಲ್ಲಿ ಹರ್ಜಾನಾ ಎನ್ನುತ್ತಿದ್ದರು, ಈಗಿನವರು ನುಕಸಾನ ಭರಪಾಯಿ ಎನ್ನುತ್ತಾರೆ, ಬೀದರಿನಲ್ಲಿ ಪರಿಹಾರ ಎನ್ನುತ್ತಾರಂತೆ. ಹೆಸರು ಮೂರಾದವು, ಕಾಗದ ಒಂದೂ ಬರಲಿಲ್ಲ.

ಫೆಬ್ರವರಿಯಲ್ಲಿ ಬಂತು. ಎರಡು ರಾಜ್ಯದ ಮೊಹರು, ಕೆಂಪು ಶಾಯಿಯದೊಂದು, ನೀಲಿಯದೊಂದು. ಬಸವಣ್ಣೆಪ್ಪ ಅದನ್ನು ಮನೆಯೊಳಗೆ ಬಿಚ್ಚಲೇ ಇಲ್ಲ. ನೇರ ಕಟ್ಟೆಗೆ ತಂದು, ಓಣಿ ಓಣಿಗೆ ಹೇಳಿಕಳಿಸಿ, ರಂಭಾಬಾಯಿಯನ್ನು ಮುಂದೆ ಕೂರಿಸಿ, ಓದು ಎಂದು ನನ್ನ ಕೈಗೆ ಕೊಟ್ಟ. ಈ ಸಲ ಟೈಪು ಮಾಡಿದ ಅಕ್ಷರ, ನನಗೆ ಓದಲು ಬರುವಂಥದ್ದು. ನಾನು ಒಂದೊಂದು ಸಾಲು ಮರಾಠಿ ಓದಿ ಕನ್ನಡದಲ್ಲಿ ಹೇಳುತ್ತ ಹೋದೆ. ಬೇವಿನವಾಡಿಯ ರೈತ ಬಸವಣ್ಣೆಪ್ಪನ ಭುಜದ ನೋವು ಕಾಲರಾ ಸೂಜಿಯಿಂದ ಬಂದದ್ದಿರಬಹುದು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಬಸವಣ್ಣೆಪ್ಪನ ಮೀಸೆ ಒಂದು ಬೆರಳು ಮೇಲೇರಿತು. ತಾಲೂಕಿನ ಸಾಹೇಬರು ಕೈಯನ್ನು ಕಣ್ಣಾರೆ ನೋಡಿ ವರದಿ ಕಳಿಸತಕ್ಕದ್ದು. ಮೀಸೆ ಇನ್ನೊಂದು ಬೆರಳು ಏರಿತು. ಆಗ ನಾನು ಒಂದು ಪದ ಬಿಟ್ಟಿದ್ದು ನನಗೇ ಕಂಡಿತು. ಬುದ್ಧಿಯಿದ್ದವನು ಬಿಟ್ಟದ್ದನ್ನು ಬಿಟ್ಟುಬಿಡುತ್ತಿದ್ದ. ನಾನು ಓದಿದೆ: ಬಲ ಭುಜ.

ಏರಿದ ಮೀಸೆ ಅಷ್ಟೇ ಬೇಗ ಇಳಿಯಿತು. ಆಮೇಲೆ ರಂಭಾಬಾಯಿ ಸೆರಗು ಸರಿ ಮಾಡಿಕೊಂಡು ಎದ್ದಳು.

"ಬಲಗೈ ಸೂಜೀದು ಅಂತ ಸರಕಾರ ಹೇಳ್ತು," ಎಂದಳು. "ಹಂಗಾರ ಎಡಗೈ ಯಾರದು?"

ಎರಡು ರಾಜ್ಯಗಳು ಸೇರಿ ಬಸವಣ್ಣೆಪ್ಪನ ಆಣೆ ಸುಳ್ಳೆಂದು ಮೊಹರು ಒತ್ತಿ ಕೊಟ್ಟ ಹಾಗಾಯಿತು. ಅವನು ಕಾಗದ ಮಡಚಿ ಜೇಬಿಗಿಟ್ಟುಕೊಂಡು ಮನೆಗೆ ನಡೆದ. ಅಂದು ಸರುಬಾಯಿ ರೊಟ್ಟಿ ಬಡಿಯುತ್ತ ಅತ್ತಳು. ನಾನು ಬಾಗಿಲಲ್ಲಿ ನಿಂತಿದ್ದೆ, ಒಳಗೆ ಹೋಗಲು ಮುಖವಿರಲಿಲ್ಲ.

ಮರುದಿನ ಗುಂಡೋಪಂತರ ಮುಂದೆ ನಿಂತು, ನಾವು ಎಡ ಎಂದಿದ್ದೆವು, ನೀವು ಬಲ ಬರೆದಿದ್ದೀರಿ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಪೂಜೆಯ ಕೈ ಎಂದು ನೀವೇ ಹೇಳಿದಿರಿ, ದೇವರ ಪೂಜೆಯನ್ನು ಎಡಗೈಯಲ್ಲಿ ಯಾರು ಮಾಡುತ್ತಾರೆ ಎಂದು ಕೇಳಿದರು. ನಾವು ಮಾಡುತ್ತೇವೆ ಎಂದೆ. ಅವರು ನಕ್ಕರು. ಕೇಸು ಕೆಟ್ಟ ಮೇಲೆ ಜನ ಏನೇನೋ ಹೇಳುತ್ತಾರೆ ಎಂಬಂಥ ನಗು. ಪಾಪ, ಅವರ ಮನೆಯಲ್ಲಿ ಎಡಗೈಯಿಂದ ತುಳಸಿ ಮುಟ್ಟಿದರೂ ಮಕ್ಕಳಿಗೆ ಏಟು ಬೀಳುತ್ತಿತ್ತು. ಅವರು ತಮ್ಮ ಭಕ್ತಿಯಿಂದ ನಮ್ಮ ದೇವರನ್ನು ಎಡಗೈಯಿಂದ ಕಾಪಾಡಿದ್ದರು.

ಆದರೆ ಮನುಷ್ಯ ಒಳ್ಳೆಯವರು. ದಾರಿ ತೋರಿಸಿದರು. ಕಾಗದದ ಬಲವನ್ನು ಎಡ ಮಾಡಬೇಕಾದರೆ ಇತ್ತ ಮುಂಬಯಿಗೂ ಅತ್ತ ಬೆಂಗಳೂರಿಗೂ ಬರೆಯಬೇಕು, ಅದರ ಬದಲು ನೋವನ್ನೇ ಎಡದಿಂದ ಬಲಕ್ಕೆ ತರುವುದು ಸುಲಭ ಎಂದರು. ಹೊಸ ತಹಸೀಲ್ದಾರ ಸಾಹೇಬರು ಬಲು ಕಟ್ಟುನಿಟ್ಟು. ಅವರ ಮುಂದೆ ಬಲಗೈ ಎತ್ತಿದರೆ ಸುಳ್ಳು ಅರ್ಜಿಯೆಂದು ಕೇಸು, ಕೇಸಾದರೆ ಜೈಲು. ಬಲಗೈ ಎತ್ತಕೂಡದು, ನೆನಪಿರಲಿ ಎಂದು ಬಾಗಿಲವರೆಗೆ ಬಂದು ಹೇಳಿ ಕಳಿಸಿದರು.

ಬಸವಣ್ಣೆಪ್ಪ ಎರಡು ದಿನ ಅಭ್ಯಾಸ ಮಾಡಿದ. ಎಡಗೈ ಏಳುವುದಿಲ್ಲ, ಬಲಗೈ ಎತ್ತಕೂಡದು. ಎರಡೂ ಕೈ ಇಳಿಬಿಟ್ಟುಕೊಂಡು ಮನೆಯಲ್ಲಿ ತಿರುಗಾಡಿದ. ಸರುಬಾಯಿ ತುತ್ತು ಮಾಡಿ ಉಣ್ಣಿಸುತ್ತಿದ್ದಾಗ ರಂಭಾಬಾಯಿ ಮಜ್ಜಿಗೆ ಕೇಳುವ ನೆವದಲ್ಲಿ ಬಂದು ನೋಡಿ, ಏನೂ ಕೇಳದೆ ಹಿಂದಕ್ಕೆ ಹೋದಳು. ಸಂಜೆಯೊಳಗೆ ಬಸವಣ್ಣೆಪ್ಪನ ಎರಡನೆಯ ಕೈಯೂ ಹೋಯಿತು, ಆ ಕೈಯಿಂದ ಯಾವ ಆಣೆ ಮಾಡಿದ್ದನೋ ಎಂಬ ಪ್ರಶ್ನೆ ಊರು ತುಂಬಿತ್ತು.

ಏಪ್ರಿಲ್‌ನಲ್ಲಿ ವಿಚಾರಣೆ. ಹಿಂದಿನ ವಾರ ಸಾಕ್ಷಿ ಯಾರೆಂದು ಕಚೇರಿಯಿಂದ ಕೇಳಿದ್ದರು. ಸೂಜಿ ಎಲ್ಲಿ ಬಿತ್ತೆಂದು ಹತ್ತಿರದಿಂದ ಕಂಡವರು ಇಬ್ಬರೇ. ಖಂಡೆಪ್ಪ ಕುರಿ ಹೊಡೆದುಕೊಂಡು ಉಮರ್ಗಾ ಕಡೆಗೆ ಹೋದವನು ಮಳೆಗೆ ಮುಂಚೆ ಬರುವವನಲ್ಲ. ಉಳಿದವನು ಮಾಣಿಕಪ್ಪ. ಬಸವಣ್ಣೆಪ್ಪ ಒಂದು ರಾತ್ರಿ ನಿದ್ದೆಗೆಟ್ಟು, ಬೆಳಗ್ಗೆ ಆ ಹೆಸರನ್ನೇ ಬರೆಸಿದ. ಸೂಜಿ ಎಡಕ್ಕೆ ಬಿತ್ತೆಂದು ಮಾಣಿಕಪ್ಪ ಹೇಳಿದರೆ ಆಣೆಯ ಮಾತು ಅಳಿಯುತ್ತದೆ, ಎರಡು ಮೊಳ ನೆಲ ಸಿಗುವ ಆಸೆಯನ್ನು ಮಾಣಿಕಪ್ಪ ಬಿಡಬೇಕಾಗುತ್ತದೆ. ಯಾಕೆ ಹೇಳುತ್ತಾನೆ? ಸಮನ್ಸ್ ಹೋದ ದಿನ ಪ್ರಯಾಗಬಾಯಿ ಬಾಗಿಲು ಮುಚ್ಚಿಕೊಂಡು ಅತ್ತಳೆಂದು ಸುದ್ದಿಯಾಯಿತು. ಚುನಾವಣೆಯೂ ಮುಗಿದಿತ್ತು, ಮಾಣಿಕಪ್ಪ ಅದಕ್ಕೆ ನಿಂತಿರಲೇ ಇಲ್ಲ. ಅಳುವುದಕ್ಕೆ ಕಾರಣ ಯಾರಿಗೂ ಹೊಳೆಯಲಿಲ್ಲ.

ಊರಿನ ಅರ್ಧ ಜನ ವಿಚಾರಣೆ ನೋಡಲು ಬಂದರು. ನಾನು ಸಾಹೇಬರಿಗೂ ನಮ್ಮವರಿಗೂ ನಡುವೆ ಭಾಷೆ ದಾಟಿಸಲು ನಿಂತೆ. ಸಾಹೇಬರು ಮೊದಲು ಗಟ್ಟಿ ಕೈ ನೋಡೋಣವೆಂದು ಬಸವಣ್ಣೆಪ್ಪನಿಗೆ ಎಡಗೈ ಎತ್ತಲು ಹೇಳಿದರು. ಹೊಟ್ಟೆಯವರೆಗೆ ಬಂದು ನಿಂತಿತು. ಸಾಹೇಬರು ಕಾಗದ ನೋಡಿ, ಇದು ಯಾವ ಕೈ ಎಂದು ಕೇಳಿದರು. ಎಡ ಎಂದೆವು. ಕೆಟ್ಟದ್ದು ಬಲ ಎಂದಿದೆಯಲ್ಲ, ಬಲ ಎತ್ತು ಎಂದರು. ಬಸವಣ್ಣೆಪ್ಪ ಎತ್ತಲಿಲ್ಲ, ಗುಂಡೋಪಂತರ ಕಡೆ ನೋಡಿದ. ಗುಂಡೋಪಂತರು ಶಾಯಿಯ ಕುಡಿಕೆಯೊಳಗೆ ನೋಡುತ್ತಿದ್ದರು. ಸಾಹೇಬರು ಅರ್ಜಿಯನ್ನು ತಿರುವಿ ಹಾಕಿ, ಐದು ಸಹಿಗಳ ಮೇಲೆ ಒಂದೊಂದಾಗಿ ಬೆರಳಿಟ್ಟರು. ಎಡಗೈ ಏಳುವುದಿಲ್ಲ, ಬಲಗೈ ಕೆಟ್ಟಿದೆ, ಹಾಗಾದರೆ ಇಷ್ಟು ಉದ್ದ ಬಾಲದ ಸಹಿಯನ್ನು ಯಾವ ಕೈಯಿಂದ ಮಾಡಿದೆ ಎಂದು ಕೇಳಿದರು.

ಅದನ್ನು ನಾನು ಕನ್ನಡಕ್ಕೆ ತಂದೆ. ಬಸವಣ್ಣೆಪ್ಪ ಬಲಗೈಯನ್ನು ಬೆನ್ನ ಹಿಂದೆ ಸರಿಸಿದ. ಸರಕಾರಕ್ಕೆ ಸುಳ್ಳು ಹೇಳಿದ್ದಕ್ಕೆ ಏನು ಶಿಕ್ಷೆಯೆಂದು ಸಾಹೇಬರು ವಿವರಿಸಿದರು. ಅದನ್ನು ನಾನು ಪೂರ್ತಿ ಕನ್ನಡಕ್ಕೆ ತರಲಿಲ್ಲ. ಆಮೇಲೆ ಸಾಕ್ಷಿಯನ್ನು ಕರೆದರು.

ಮಾಣಿಕಪ್ಪ ಬಂದ. ಏಪ್ರಿಲ್ ತಿಂಗಳ ಬಿಸಿಲಿನಲ್ಲೂ ಎಡ ಹೆಗಲ ಮೇಲೆ ಕಂಬಳಿ, ತಲೆಯ ಮೇಲೆ ಟೊಪ್ಪಿಗೆ. ನಿಜ ಹೇಳುತ್ತೇನೆಂದು ನಿನ್ನ ದೇವರ ಮೇಲೆ 'ಶಪಥ' ಮಾಡು ಎಂದರು ಸಾಹೇಬರು. ಸುಮ್ಮನೆ ಬಾಯಿಂದ ಹೇಳಿದರೆ ಆಗದೇನು ಎಂದು ಮಾಣಿಕಪ್ಪ ನನ್ನನ್ನು ಮೆಲ್ಲಗೆ ಕೇಳಿದ. ನಾನು ಕೇಳಿ ನೋಡಿದೆ. ಆಗದು, ನಿಮ್ಮಲ್ಲಿ ಹೇಗೆ ಮಾಡುತ್ತೀರೋ ಹಾಗೆಯೇ ಮಾಡಬೇಕು ಎಂದರು. ಮಾಣಿಕಪ್ಪ ಕಂಬಳಿ ತೆಗೆದು ಕೆಳಗಿಟ್ಟ. ಕೊರಳಿನ ಲಿಂಗವನ್ನು ತೆಗೆದು ಎಡ ಅಂಗೈ ಮೇಲೆ ಇಟ್ಟುಕೊಂಡ. ಕೈ ಎತ್ತಿದ.

ಹೊಟ್ಟೆಯವರೆಗೆ ಬಂತು. ಅಂಗಿಯ ಎರಡನೆಯ ಗುಂಡಿಯವರೆಗೆ ಬಂತು. ಅಲ್ಲಿಗೆ ನಿಂತಿತು. ಅವನ ಹಣೆಯಲ್ಲಿ ಬೆವರೊಡೆಯಿತು. ತಲೆಯನ್ನೇ ಕೈಯ ಕಡೆಗೆ ಬಗ್ಗಿಸಲು ನೋಡಿದ, ಟೊಪ್ಪಿಗೆ ಜಾರಿ ಕೆಳಗೆ ಬಿತ್ತು. ಕೈ ನಡುಗತೊಡಗಿತು. ಅಂಗೈ ಮೇಲಿನ ಲಿಂಗ ಅಂಚಿನ ಕಡೆಗೆ ಸರಿಯಿತು. ಲಿಂಗ ನೆಲಕ್ಕೆ ಬಿದ್ದರೆ ನಮ್ಮಲ್ಲಿ ಅದಕ್ಕಿಂತ ದೊಡ್ಡ ಆಪತ್ತಿಲ್ಲ. ಹಿಂದಿನವರು ಜೀವ ಬಿಟ್ಟಿದ್ದಾರೆಂದು ಕೇಳಿದ್ದೇವೆ. ಜನ ಎದ್ದು ನಿಂತರು. ಯಾರೂ ಮುಂದೆ ಹೋಗಲಿಲ್ಲ.

ಮುಂದೆ ಹೋದವನು ಎಲ್ಲದರಲ್ಲೂ ಮೊದಲಿಗನಾದ ನನ್ನ ತಂಗಿಯ ಗಂಡ. ಸಾಹೇಬರ ಕಣ್ಣೆದುರಿಗೇ, ಎತ್ತಕೂಡದ ಬಲಗೈಯನ್ನು ಎತ್ತಿ ಮಾಣಿಕಪ್ಪನ ಮೊಣಕೈ ಕೆಳಗೆ ಕೊಟ್ಟ. ದಿನಾ ಬೆಳಗ್ಗೆ ತನಗೆ ಹೆಂಡತಿ ಕೊಡುತ್ತಿದ್ದ ಹಾಗೆಯೇ, ಎಡ ಮಗ್ಗುಲಿಗೆ ನಿಂತು, ಮೆಲ್ಲಗೆ ಮೇಲಕ್ಕೆ ಒಯ್ದ. ಅಂಗೈ ಕಣ್ಣಿನ ಮಟ್ಟಕ್ಕೆ ಬಂತು. ಲಿಂಗ ನೆಟ್ಟಗೆ ನಿಂತಿತು.

"ನಿಂದೂ?" ಎಂದು ಕೇಳಿದ ಬಸವಣ್ಣೆಪ್ಪ.

"ಅವತ್ತಿಂದನೇ," ಎಂದ ಮಾಣಿಕಪ್ಪ. "ರುಮಾಲ ಸುತ್ತಲಿಕ್ಕೂ ಕೈ ಏಳವಲ್ದು. ನೀ ಮೊದಲ ಹೇಳಿಬಿಟ್ಟಿ. ನಾ ಹ್ಯಾಂಗ ಹೇಳಲಿ?"

ಆಮೇಲೆ ಅವನು ಲಿಂಗವನ್ನು ನೋಡುತ್ತ, ಸೂಜಿ ಬಿದ್ದದ್ದು ಎಡ ಭುಜದ ತುದಿಗೆ, ಬಸವಣ್ಣೆಪ್ಪನಿಗೂ ತನಗೂ, ಇಬ್ಬರ ಕೈಯೂ ಕೆಟ್ಟದ್ದು ಅದರಿಂದಲೇ ಎಂದು ಹೇಳಿದ. ನಾನು ಮರಾಠಿ ಮಾಡುವುದನ್ನೇ ಮರೆತೆ. ಸಾಹೇಬರಿಗೆ ಭಾಷೆ ಬೇಕಾಗಿಯೂ ಇರಲಿಲ್ಲ. ಬಲಗೈ ಗಟ್ಟಿಯಾಗಿದೆಯಲ್ಲ ಎಂದು ಬಸವಣ್ಣೆಪ್ಪನನ್ನು ಗದರಿಸಲು ಬಾಯಿ ತೆರೆದವರು, ಹಾಗೆಯೇ ಕೂತರು. ಗುಂಡೋಪಂತರು ಎದ್ದು ನಿಂತಿದ್ದರು. ಎಡ ಅಂಗೈ ಮೇಲಿನ ದೇವರನ್ನು ಬಹಳ ಹೊತ್ತು ನೋಡಿ, ಕೈ ಮುಗಿದು, ತಪ್ಪು ತಮ್ಮದೆಂದರು. ಇವರು ಎಡ ಎಂದದ್ದನ್ನೇ ಬರೆದಿದ್ದರೆ ಆಗುತ್ತಿತ್ತು, ನಾನೇ ಬಲ ಎಂದು ತಿದ್ದಿ ಬರೆದೆ ಎಂದು ಸಾಹೇಬರ ಮುಂದೆ ಒಪ್ಪಿಕೊಂಡರು. ಆಮೇಲೆ ಲೇಖನಿ ಹಿಡಿದು ಮೇಜು ಸುತ್ತಿ ಬಂದು, ಇಬ್ಬರ ಮಗ್ಗುಲಿಗೂ ನಿಂತು, ಭುಜ ಮುಟ್ಟಿ ನೋಡಿ, ಎಡ ಎಂದು ಎರಡು ಸಲ ಬರೆದರು.

ದುಡ್ಡು ಬರಲಿಲ್ಲ. ಸೂಜಿ ಹಾಕಿದ ಸರಕಾರ ಈಗ ಇಲ್ಲ, ಇಲ್ಲದ ಸರಕಾರದ ತಪ್ಪಿಗೆ ಇರುವ ಸರಕಾರ ಭರಪಾಯಿ ಕೊಡುವ ಹಾಗಿಲ್ಲ ಎಂದು ಆದೇಶವಾಯಿತು. ಆದರೆ ಇಬ್ಬರ ಎಡ ಭುಜವೂ ಸೂಜಿಯಿಂದ ಕೆಟ್ಟಿದೆ ಎಂದು ಅದರಲ್ಲೇ ಬರೆದಿತ್ತು, ಮೊಹರೂ ಇತ್ತು. ಅದನ್ನು ಕಟ್ಟೆಯ ಮೇಲೆ ಓದಿದಾಗ ಬಸವಣ್ಣೆಪ್ಪನೂ ಮಾಣಿಕಪ್ಪನೂ ಒಂದೇ ಕಂಬಳಿಯ ಮೇಲೆ ಕೂತಿದ್ದರು. ಊರು ಬಹಳ ಹೊತ್ತು ಯೋಚಿಸಿತು. ಕೊನೆಗೆ ರಂಭಾಬಾಯಿ, ಹಾಗಾದರೆ ಇಬ್ಬರ ಆಣೆಯೂ ಸುಳ್ಳು ಎಂದಳು. ಅವರಿಬ್ಬರೂ ಆಕೆಯ ಮೇಲೆ ಒಟ್ಟಿಗೇ ಹರಿಹಾಯ್ದದ್ದನ್ನು ಕೇಳಿ ನನಗೆ ಆದ ಸಂತೋಷ ಇಷ್ಟಲ್ಲ. ಕಲ್ಲು ಈಗಲೂ ಅಲ್ಲೇ ಇದೆ. ಅದು ಸರಿದಿದೆಯೋ ಇಲ್ಲವೋ ಎಂದು ಇಬ್ಬರೂ ಈಗಲೂ ಜಗಳಾಡುತ್ತಾರೆ, ಆದರೆ ಅದರ ಮೇಲೆಯೇ ಕೂತು.

ಆ ಕಾಗದ ಓದಿದ ದಿನ ಪ್ರಯಾಗಬಾಯಿ ಮೊದಲ ಸಲ ನನ್ನ ತಂಗಿಯ ಮನೆಗೆ ಬಂದಳು. ಇಬ್ಬರೂ ಒಲೆಯ ಮುಂದೆ ಕೂತು ಒಂದು ವರ್ಷದ ಮಾತು ಆಡಿದರು. ದಿನಾ ಬೆಳಗ್ಗೆ ಮೊಣಕೈ ಹಿಡಿಯಲು ನೀನು ಯಾವ ಕಡೆಗೆ ಕೂರುತ್ತೀ ಎಂದು ಸರುಬಾಯಿ ಕೇಳಿದಳು.

"ನಾ ಯಾಕ ಕೂಡ್ಲಿ?" ಎಂದಳು ಪ್ರಯಾಗಬಾಯಿ. "ತೊಡಿ ಮ್ಯಾಲ ಎರಡು ದಿಂಬ ಇಡ್ತೀನಿ. ಅದರ ಮ್ಯಾಲ ಮೊಣಕೈ ಇಟಗೊಂಡು ಅವರ ಪೂಜಾ ಅವರು ಮಾಡಕೋತಾರ."

ನನ್ನ ತಂಗಿ ಒಲೆಯಿಂದ ಮುಖ ತಿರುಗಿಸಿದಳು. ಮೂಲೆಯಲ್ಲಿ ಒಂದರ ಮೇಲೊಂದು ಇಟ್ಟಿದ್ದ ನಾಲ್ಕು ದಿಂಬುಗಳನ್ನು ನೋಡಿದಳು. ಆಮೇಲೆ ಗಂಡನನ್ನು ನೋಡಿದಳು. ಅವನು ಹೊರಗೆ ಎತ್ತು ಕಟ್ಟುವ ಕೆಲಸವಿದೆ ಎಂದು ಎದ್ದು ಹೋದ. ಸರುಬಾಯಿ ಸಾರಿನ ಪಾತ್ರೆ ಇಳಿಸಲು ಕೈ ಚಾಚಿ, ಅರ್ಧಕ್ಕೇ ನಿಲ್ಲಿಸಿ, ಮುಖ ಕಿವಿಚಿ, ವರ್ಷವಿಡೀ ಗಂಡನ ಮೊಣಕೈ ಎತ್ತಿ ಹಿಡಿದ ಭುಜವನ್ನು ಒತ್ತಿಕೊಂಡಳು.

"ಅಣ್ಣಾ," ಎಂದಳು, "ಇನ್ನೊಂದು ಅರ್ಜಿ ಬರಿ."

ನಾನು ಕಾಗದ ತೆಗೆದುಕೊಂಡೆ. ಈ ಸಲ ಎದುರಿಗೆ ಕೂತು ಯಾವ ಕೈಯೆಂದು ಕೇಳಲಿಲ್ಲ. ಎದ್ದು ಹೋಗಿ ತಂಗಿಯ ಮಗ್ಗುಲಿಗೆ ಕೂತೆ.